ಸೇತುವೆಯ ಮೇಲಿನ ಮಗಳಿಗೆ

ಭಾನುವಾರ, ಫೆಬ್ರವರಿ 9
ಸ್ಟುಡಿಯೋದಿಂದ, ಮಧ್ಯಾಹ್ನ

ನನ್ನ ಗೂಬೆಮರಿಗೆ,

ಅಮ್ಮನ ಆಶೀರ್ವಾದಗಳು. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀ ಎಂದುಕೊಂಡಿದ್ದೇನೆ. ಮಾಡುತ್ತಿಲ್ಲ ಎಂಬುದೂ ಗೊತ್ತಿದೆ. ಈ ಲಕೋಟೆಯಲ್ಲಿ ಎರಡು ರಟ್ಟಿನ ನಡುವೆ ನಾಲ್ಕು ಪ್ರಿಂಟ್ ಇಟ್ಟಿದ್ದೇನೆ. ಮೊದಲು ಕಾಗದ ಓದು, ಆಮೇಲೆ ರಟ್ಟು ಬಿಚ್ಚು. ನೀನು ಮೊದಲು ರಟ್ಟು ಬಿಚ್ಚುವವಳೇ. ಆದರೂ ಹೇಳಬೇಕಾದದ್ದು ಹೇಳಿದ್ದೇನೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಎರಡು ವರ್ಷದಿಂದ ನಾವಿಬ್ಬರೂ ಫೋನಿನಲ್ಲಿ ಆಡಿದ್ದೇನು ಹೇಳು? ಊಟ ಆಯ್ತಾ, ಆಯ್ತು, ಇಡ್ಲಾ, ಇಡು. ಇಷ್ಟೇ. ಬರೆಯಲು ಕೂತರೆ ನೀನು ನಡುವೆ ಫೋನ್ ಇಡಲಾರೆ, ನಾನೂ ಇಡಲಾರೆ.

ನೀನು ಸ್ಟುಡಿಯೋದ ಕಂಪ್ಯೂಟರ್ ಮುಂದಿನ ಕುರ್ಚಿ ಬಿಟ್ಟು ವೆಲ್ಡಿಂಗ್ ಕಲಿಯಲು ಹೊರಟ ದಿನ ನಾನಾಡಿದ ಮಾತು ನಿನಗೆ ನೆನಪಿದೆ. ಕಬ್ಬಿಣ ಸುಡೋದಕ್ಕಾ ನಿನ್ನ ಹೆತ್ತಿದ್ದು ಎಂದಿದ್ದೆ. ಬೇರೆಯವರ ಮುಖದ ಮೇಲಿನ ಮೊಡವೆ ಅಳಿಸಿ ಅಳಿಸಿ ಸಾಕಾಯ್ತು, ಉಳಿಯೋ ಅಂಥದ್ದೇನಾದ್ರೂ ಮಾಡ್ತೀನಿ ಎಂದು ನೀನು ಹೇಳಿದೆ. ಅಪ್ಪ ಕಟ್ಟಿದ ಅಂಗಡಿಯನ್ನು ನೀನು ಹೀಗಳೆದಂತೆ ನನಗೆ ಕೇಳಿಸಿತು. ನಿನ್ನ ಮಾತಿನಲ್ಲಿ ಅಂಗಡಿ ಇರಲಿಲ್ಲ, ನೀನಿದ್ದೆ. ಅದು ಅರ್ಥವಾಗಲು ನನಗೆ ಎರಡು ವರ್ಷ, ಒಂದು ನದಿ ಬೇಕಾಯಿತು.

ನಿನಗೆ ಗೊತ್ತಿಲ್ಲದ ಇನ್ನೊಂದು ವಿಷಯವಿದೆ. ನೀನು ಹೋದ ಮೇಲೆ ದೊಡ್ಡಮ್ಮನಿಂದ ಹಿಡಿದು ಪಕ್ಕದ ಜೆರಾಕ್ಸ್ ಅಂಗಡಿಯವನ ತನಕ ಎಲ್ಲರಿಗೂ ನೀನು ಸೇತುವೆ ಕಟ್ಟುವ ಕಂಪನಿಯ ಆಫೀಸಿನಲ್ಲಿದ್ದೀ ಎಂದೆ. ನಿನಗೆ ಕುರ್ಚಿ, ಮೇಜು, ಫ್ಯಾನು ಎಲ್ಲ ಕೊಟ್ಟೆ. ಏಸಿ ಇದೆಯಾ ಎಂದು ದೊಡ್ಡಮ್ಮ ಕೇಳಿದರು. ಅದನ್ನೂ ಹಾಕಿಸಿದೆ.

ಅಕ್ಟೋಬರಿನಲ್ಲಿ ಪಾಸ್‌ಪೋರ್ಟ್ ಫೋಟೋಗೆ ಬಂದ ಗಿರಾಕಿಯೊಬ್ಬರು ತಮ್ಮ ಫೋನಿನಲ್ಲಿ ನಿಮ್ಮ ಸೇತುವೆಯ ಚಿತ್ರ ತೋರಿಸಿದರು. ಎರಡು ದಡಗಳಿಂದ ಎರಡು ಕಬ್ಬಿಣದ ತೋಳುಗಳು ಚಾಚಿಕೊಂಡಿದ್ದವು, ನಡುವೆ ಇನ್ನೂ ಖಾಲಿ. ಅವರಿಗೆ ಗಲ್ಲ ಸ್ವಲ್ಪ ಕೆಳಗೆ ಮಾಡಿ ಎನ್ನುವುದನ್ನೂ ಮರೆತೆ. ಮರುದಿನ ಭಾನುವಾರ. ಸ್ಟುಡಿಯೋ ಕ್ಯಾಮರಾವನ್ನು ಸ್ಟ್ಯಾಂಡಿನಿಂದ ಬಿಚ್ಚಿದೆ. ಅದರ ಮೂರು ಕಾಲುಗಳು ಇಪ್ಪತ್ತಾರು ವರ್ಷ ನಿಂತಲ್ಲೇ ನಿಂತು ನೆಲದ ಸಿಮೆಂಟಿನಲ್ಲಿ ಗುಳಿ ಬಿದ್ದಿದೆ. ನಾನೂ ಅಷ್ಟೇ ವರ್ಷ ಅದರ ಹಿಂದೆ ನಿಂತವಳು. ಕತ್ತಿಗೆ ಹಾಕಿಕೊಳ್ಳಲು ಪಟ್ಟಿಯೂ ಇರಲಿಲ್ಲ, ನಿನ್ನ ಹಳೇ ಶಾಲಾ ಚೀಲದ ಪಟ್ಟಿ ಕತ್ತರಿಸಿ ಹೊಲಿದೆ.

ಹೌದು, ನಾನು ಬಂದಿದ್ದೆ. ಒಂದು ಸಲವಲ್ಲ. ಎರಡು ತಾಸು ಬಸ್ಸು, ಆಮೇಲೆ ಮರಳು ತುಂಬಿದ ದಾರಿಯಲ್ಲಿ ಕಾಲು ತಾಸು ನಡಿಗೆ, ನೀವು ಕೆಲಸ ಮಾಡುವ ದಡದ ಎದುರು ದಡಕ್ಕೆ. ನಿನ್ನ ದಡಕ್ಕೆ ಬರುವ ಮುಖ ನನಗಿರಲಿಲ್ಲ.

ಮೊದಲ ಸಲ ಕೈಯಲ್ಲಿದ್ದದ್ದು ಸ್ಟುಡಿಯೋದ ಐವತ್ತು ಎಂ.ಎಂ. ಲೆನ್ಸ್. ಆರಡಿ ದೂರದ ಮುಖಕ್ಕೆ ಅದರಂಥ ಲೆನ್ಸ್ ಇಲ್ಲ. ನದಿಗೆ ಅದು ಏನೂ ಅಲ್ಲ. ಫೋಟೋದಲ್ಲಿ ಸೇತುವೆ ಹಲ್ಲು ಮುರಿದ ಬಾಚಣಿಗೆಯ ಹಾಗೆ, ಜನ ಸಾಸಿವೆ ಕಾಳಿನ ಹಾಗೆ ಬಂದರು. ಆದರೂ ಆ ಕಾಳುಗಳ ನಡುವೆ ಎಲ್ಲೋ ಒಂದು ಕಡೆ ನೀಲಿ ಬೆಳಕು ಚುಚ್ಚಿ ಆರಿತು. ಅದೊಂದನ್ನು ನೋಡಿಕೊಂಡು ವಾಪಸು ಬಂದೆ.

ನಮ್ಮ ಬೀದಿಯ ಹಲ್ಲಿನ ಡಾಕ್ಟರು ಗೊತ್ತಲ್ಲ, ರಜೆ ಬಂದರೆ ಹಕ್ಕಿ ಹಿಂದೆ ಹೋಗುವವರು? ಅವರನ್ನು ಲೆನ್ಸ್ ಕೇಳಿದೆ. ಯಾವ ಹಕ್ಕಿ ಮೇಡಂ ಎಂದರು. ನೀರಿನ ಹತ್ತಿರ ಇರತ್ತೆ, ಎತ್ತರದಲ್ಲಿ ಕೂರತ್ತೆ, ಹೆದರಿಸಿದ್ರೆ ಹಾರಿಹೋಗತ್ತೆ ಎಂದೆ. ಮಿಂಚುಳ್ಳಿ ಇರಬೇಕು ಎಂದು ತಲೆದೂಗಿ ಇನ್ನೂರರ ಜೂಮ್ ಕೊಟ್ಟರು. ಕೊಡುವಾಗ ಎಳೆಗೂಸನ್ನು ಕೈಗಿಡುವ ಹಾಗೆ ಕೊಟ್ಟರು.

ಆ ಲೆನ್ಸಿನಲ್ಲಿ ನಿನ್ನನ್ನು ಹುಡುಕಿದೆ. ತುದಿಯ ತೊಲೆಯ ಮೇಲೆ ಕುದುರೆ ಏರಿದಂತೆ ಕೂತ ಒಬ್ಬಳು, ಮುಖದ ಮೇಲೆ ಕಪ್ಪು ಗುರಾಣಿ, ಕೈಯ ಕೆಳಗಿಂದ ಕಿಡಿಗಳು ನೀರಿಗೆ ಸುರಿಯುತ್ತಿದ್ದವು. ಇವಳೇ ಎಂದುಕೊಂಡೆ. ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಫೋಟೋ ಎಲ್ಲ ಅಲುಗಿ ಬಂದವು. ಮುಂದಿನ ಭಾನುವಾರ ಒಂದು ಕಲ್ಲಿನ ಮೇಲೆ ಅಕ್ಕಿ ತುಂಬಿದ ಬಟ್ಟೆಚೀಲವಿಟ್ಟು, ಅದರ ಮೇಲೆ ಲೆನ್ಸ್ ಮಲಗಿಸಿ, ಉಸಿರು ಬಿಗಿಹಿಡಿದು ತೆಗೆದೆ. ಹನ್ನೊಂದು ಚೆನ್ನಾಗಿ ಬಂದವು. ಮನೆಗೆ ಬಂದು ಪ್ರಿಂಟ್ ಹಾಕಿ ಡ್ರಾಯರಿನಲ್ಲಿ ಮುಚ್ಚಿಟ್ಟೆ. ಗಿರಾಕಿ ಇಲ್ಲದಾಗ ತೆಗೆದು ನೋಡುತ್ತಿದ್ದೆ. ನನ್ನ ಮಗಳು ಎಷ್ಟು ಎತ್ತರದಲ್ಲಿ ಕೂತಿದ್ದಾಳೆ ನೋಡು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಮುಖ ಬೇಕೆನ್ನಿಸಿತು. ಡಾಕ್ಟರು ತಮ್ಮ ಆರುನೂರರ ಲೆನ್ಸನ್ನೇ ಕೊಟ್ಟರು. ಅದು ಲೆನ್ಸಲ್ಲ, ಒನಕೆ. ಅದನ್ನು ಹೊತ್ತು ಬಸ್ ಹತ್ತಿದಾಗ ಕಂಡಕ್ಟರ್ ಇದಕ್ಕೂ ಟಿಕೆಟ್ ತಗೋಬೇಕಾಗತ್ತೆ ಎಂದು ನಕ್ಕ. ನದಿಯ ಬಳಿ ಎರಡು ತಾಸು ಕಾದೆ. ಕೊನೆಗೆ ಅವಳು ಕೆಲಸ ನಿಲ್ಲಿಸಿ ಗುರಾಣಿ ಎತ್ತಿ ನೀರು ಕುಡಿದಳು.

ಅದು ನೀನಾಗಿರಲಿಲ್ಲ.

ಉಬ್ಬು ಕೆನ್ನೆಯ, ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದಾದ ಬೇರೆ ಯಾರೋ ಹುಡುಗಿ. ಮೂರು ಭಾನುವಾರ ನಾನು ಯಾರದೋ ಮಗಳನ್ನು ನೋಡಿ ಹೆಮ್ಮೆಪಟ್ಟಿದ್ದೆ. ಮೊದಲು ನಗು ಬಂತು. ಮರಳಿನ ಮೇಲೆ ಒಬ್ಬಳೇ ಕೂತು ಹುಚ್ಚಿಯ ಹಾಗೆ ನಕ್ಕೆ. ಆಮೇಲೆ ನಗು ನಿಂತಿತು. ಬಂದ ಗಿರಾಕಿಯ ಎಡಗಿವಿ ಬಲಗಿವಿಗಿಂತ ಒಂದು ಕೂದಲೆಳೆ ಮೇಲಿದ್ದರೂ ಕಂಡುಹಿಡಿಯುವ ನನಗೆ, ಹೆತ್ತ ಮಗಳ ಬೆನ್ನು ಗೊತ್ತಾಗಲಿಲ್ಲ.

ಲೆನ್ಸ್ ಹಿಂದಿರುಗಿಸುವಾಗ, ಹಕ್ಕಿ ಸಿಕ್ಕಿತಾ ಎಂದು ಡಾಕ್ಟರು ಕೇಳಿದರು. ಇದಕ್ಕಿಂತ ಉದ್ದದ ಲೆನ್ಸ್ ತಂದರೂ ಸಿಗಲ್ಲ ಡಾಕ್ಟ್ರೇ, ನಾನೇ ಹತ್ತಿರ ಹೋಗಬೇಕು ಎಂದೆ.

ಆಮೇಲೆ ಸೇತುವೆಯ ಮೇಲೆ ಹೋಗಲು ಪಾಸ್ ಸಿಕ್ಕಿತು. ಅದೊಂದು ದೊಡ್ಡ ಕಥೆ, ಬಿಡು. ಕಪಾಟಿನ ಮೇಲಿನ ಅಟ್ಟದಿಂದ ಅಪ್ಪನ ಇಪ್ಪತ್ತೆಂಟರ ಅಗಲ ಲೆನ್ಸ್ ಇಳಿಸಿದೆ. ಶಾಲೆಯ ಕಿರಿದಾದ ಮೊಗಸಾಲೆಯಲ್ಲಿ ಅರವತ್ತು ಮಕ್ಕಳ ಗ್ರೂಪ್ ಫೋಟೋ ಅದರಲ್ಲೇ ತೆಗೆಯುತ್ತಿದ್ದರು. ಅದರ ಗುಣ ನಿನಗೂ ಗೊತ್ತು. ದೂರ ನಿಂತರೆ ಎಲ್ಲರೂ ಇರುವೆ. ಮುಖ ಬೇಕಾದರೆ ಕೈಗೆಟಕುವಷ್ಟು ಹತ್ತಿರ ಹೋಗಲೇಬೇಕು.

ನಾನು ಸೇತುವೆ ಹತ್ತಿದ ಆ ಗುರುವಾರ ನಡೆದದ್ದು ನಿನಗೆ ಗೊತ್ತಿರುವುದೇ, ಆದರೆ ನನ್ನ ಕಡೆಯಿಂದ ಕೇಳು. ತಲೆಗೆ ಹೆಲ್ಮೆಟ್, ಸೊಂಟಕ್ಕೆ ಪಟ್ಟಿ, ಅದಕ್ಕೆ ಹಗ್ಗ, ಕಾಲಿಗೆ ಎರಡು ಅಳತೆ ದೊಡ್ಡದಾದ ಬೂಟು, ಅದರೊಳಗೆ ಪೇಪರ್ ಉಂಡೆ. ಫೋರ್‌ಮನ್ ಮುಂದೆ, ನಾನು ಹಿಂದೆ. ಕಾಲ ಕೆಳಗಿನ ಕಬ್ಬಿಣದ ಜಾಲರಿಯಲ್ಲಿ ನದಿ ಕಾಣುತ್ತಿತ್ತು. ನಾನು ನದಿ ನೋಡಲಿಲ್ಲ, ಫೋರ್‌ಮನ್ನಿನ ಹಿಮ್ಮಡಿ ನೋಡುತ್ತಾ ನಡೆದೆ. ಮೂರು ಜನ ಬೆಸುಗೆ ಹಾಕುತ್ತಿದ್ದರು, ಮೂವರಿಗೂ ಒಂದೇ ಬಟ್ಟೆ, ಒಂದೇ ಗುರಾಣಿ. ಈ ಸಲ ತಪ್ಪಬಾರದೆಂದು ಸುಮ್ಮನೆ ನಿಂತೆ. ತೊಲೆಯ ಕೆಳಗೆ ಒಂದು ಮಗ್ಗುಲಾಗಿ ಮಲಗಿದ್ದವಳು ಕೆಲಸ ನಿಲ್ಲಿಸಿ, ಹಾಕಿದ ಬೆಸುಗೆಯನ್ನು ತಲೆ ಓರೆ ಮಾಡಿ ಎಡದಿಂದೊಮ್ಮೆ, ಬಲದಿಂದೊಮ್ಮೆ ನೋಡಿದಳು. ಫೋಟೋ ತಿದ್ದುವಾಗ ನೀನು ಹಾಗೇ ನೋಡುತ್ತಿದ್ದೆ. ಫೋರ್‌ಮನ್ ಹೇಳುವ ಮೊದಲೇ ನಾನು ಅತ್ತ ನಡೆದಿದ್ದೆ.

"ಅಮ್ಮ? ಇಲ್ಲೇನ್ ಮಾಡ್ತಿದೀಯ?"

"ಫೋಟೋ ತೆಗೀತಿದೀನಿ."

"ಕಂಪನಿಯವರು ಕರೆಸಿದ್ರಾ?"

"ಹೂಂ. ಕರೆಸಿದ್ರು."

ನೀನು ಎದ್ದು ಬಂದು ನನ್ನ ಸೊಂಟದ ಹಗ್ಗದ ಕೊಂಡಿಯನ್ನು ಎರಡು ಸಲ ಜಗ್ಗಿ ನೋಡಿದೆ. ನೀನು ಒಂದನೇ ಕ್ಲಾಸಿಗೆ ಹೋಗುವಾಗ ನಿನ್ನ ಶೂ ಲೇಸನ್ನು ನಾನು ಜಗ್ಗಿ ನೋಡುತ್ತಿದ್ದೆನಲ್ಲ, ಥೇಟ್ ಹಾಗೇ.

ಬೆಸುಗೆಯ ಬೆಳಕನ್ನು ಕ್ಯಾಮರಾದಲ್ಲಿ ನೇರವಾಗಿ ನೋಡಬೇಡ, ಕಣ್ಣು ಹೋಗತ್ತೆ ಎಂದು ನೀನು ಬೈದದ್ದು, ಗುರಾಣಿಗೆ ಹಾಕುವ ಕಪ್ಪು ಗಾಜಿನ ತುಂಡೊಂದನ್ನು ತಂದು ಲೆನ್ಸಿನ ಮುಂದೆ ಹಿಡಿಯಲು ಹೇಳಿಕೊಟ್ಟದ್ದು, ಇವೆಲ್ಲ ಆಗುವಾಗ ಫೋರ್‌ಮನ್ ನಗುತ್ತಾ ನಿಂತಿದ್ದರು. ಫೋಟೋ ವಿಷಯದಲ್ಲಿ ನನಗೆ ಪಾಠ ಹೇಳಿದವರು ಇದುವರೆಗೆ ನಿನ್ನಪ್ಪ ಒಬ್ಬರೇ. ಗಾಜಿನ ಹಿಂದೆ ಲೋಕವೆಲ್ಲ ಹಸಿರಾಯಿತು, ಸೇತುವೆ ಮಾಯವಾಯಿತು, ಆಕಾಶ ಮಾಯವಾಯಿತು. ಒಂದು ಉರಿಯುವ ಚುಕ್ಕೆ, ಅದರ ಹಿಂದೆ ಕರಗಿದ ಕಬ್ಬಿಣದ ಪುಟ್ಟ ಕೆರೆ, ಆ ಕೆರೆಯನ್ನು ಅಂಗುಲ ಅಂಗುಲವಾಗಿ ಮುಂದೆ ಕರೆದೊಯ್ಯುವ ನಿನ್ನ ಕೈ. ಅದು ಒಂದಿಷ್ಟೂ ನಡುಗಲಿಲ್ಲ.

ನೀನು ಮತ್ತೆ ಕೆಲಸಕ್ಕೆ ಮಲಗಿದ ಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ಫೋರ್‌ಮನ್ ನನ್ನನ್ನು ತಮ್ಮ ತಗಡಿನ ಶೆಡ್ಡಿಗೆ ಕರೆದರು. ನೀವು ಫೋಟೋದವರಲ್ವಾ, ಇದನ್ನ ನೋಡಿ ಎಂದು ಒಂದು ಉದ್ದನೆಯ ಕಪ್ಪು ಫಿಲ್ಮ್ ಕೈಗಿಟ್ಟರು. ಬೆಸುಗೆಗೂ ಎಕ್ಸ್‌ರೇ ತೆಗೆಯುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಒಳಗೆ ಗಾಳಿಗುಳ್ಳೆ ಇದ್ದರೆ ಕಪ್ಪು ಚುಕ್ಕೆಯಾಗಿ ಕಾಣುತ್ತದಂತೆ, ಬಿರುಕಿದ್ದರೆ ಕಪ್ಪು ಗೆರೆಯಾಗಿ. ಕಿಟಕಿಯ ಬೆಳಕಿಗೆ ಹಿಡಿದೆ. ಅಷ್ಟು ವರ್ಷ ನೆಗೆಟಿವ್ ನೋಡಿದ ಕಣ್ಣು ಮಗಾ ಇದು. ಎಲ್ಲಿ ಧೂಳು, ಎಲ್ಲಿ ಗೀರು, ಎಲ್ಲಿ ಕೈಬೆರಳಿನ ಗುರುತು ಎಂದು ತಾನಾಗೇ ಹುಡುಕುತ್ತದೆ. ಈ ತುದಿಯಿಂದ ಆ ತುದಿಯವರೆಗೆ ಹುಡುಕಿದೆ. ಒಂದು ಚುಕ್ಕೆ ಇರಲಿಲ್ಲ. ಹಾಲಿನ ಕೆನೆಯ ಹಾಗೆ ಒಂದೇ ಸಮನಾದ ತಿಳಿಬಿಳಿ ಪಟ್ಟಿ.

ಯಾರದ್ದು ಎಂದು ಕೇಳಿದೆ.

"ನಿಮ್ಮ ಮಗಳದ್ದೇ ಮೇಡಂ. ಈ ವರ್ಷ ಅವಳ ಜಾಯಿಂಟ್ ಒಂದೂ ವಾಪಸ್ ಬಂದಿಲ್ಲ. ಎಲ್ಲಿ ಕಲಿತೆ ಇಂಥಾ ಕೈಯಿ ಅಂತ ಕೇಳಿದ್ದೆ. ನಮ್ಮಮ್ಮನ ಸ್ಟುಡಿಯೋದಲ್ಲಿ ಅಂದ್ಲು."

ಆ ಮಾತನ್ನು ನೀನು ನನಗೆ ಯಾವತ್ತೂ ಹೇಳಿಲ್ಲ. ಹೇಳುವ ಹಾಗೆ ನಾನು ನಡೆದುಕೊಂಡಿರಲೂ ಇಲ್ಲ. ಶೆಡ್ಡಿನಲ್ಲಿ ಮೂಗು ಒರೆಸಿಕೊಂಡದ್ದಕ್ಕೆ ಕಾರಣ ಹೊಗೆ ಎಂದು ಫೋರ್‌ಮನ್ನಿಗೆ ಹೇಳಿದ್ದೇನೆ. ನೀನೂ ಹಾಗೇ ತಿಳಿ.

ಇನ್ನು ಪ್ರಿಂಟ್ ವಿಷಯ. ಕಪ್ಪು ಗಾಜಿನೊಳಗಿಂದ ತೆಗೆದ ಎರಡೂ ಹಸಿರಾಗೇ ಇವೆ, ಬಣ್ಣ ತಿದ್ದಿಲ್ಲ. ಗುರಾಣಿ ಎತ್ತಿಕೊಂಡು ನೀನು ನನ್ನನ್ನೇ ನೋಡುತ್ತಿರುವ ಚಿತ್ರದಲ್ಲಿ ನಿನ್ನ ಕುತ್ತಿಗೆಯ ಸುಟ್ಟ ಗುರುತು ಕಾಣುತ್ತದೆ. ಮೌಸ್ ಅದರ ಮೇಲೆ ಹೋಗಿತ್ತು, ಅಭ್ಯಾಸಬಲ. ತೆಗೆಯಲಿಲ್ಲ. ಅದು ನೀನು ಗಳಿಸಿದ್ದು, ಅಳಿಸಲು ನಾನ್ಯಾರು? (ಮುಲಾಮು ಹಚ್ಚುತ್ತಿದ್ದೀ ತಾನೇ?) ನಾಲ್ಕನೆಯದು ಆ ಉಬ್ಬು ಕೆನ್ನೆಯ ಹುಡುಗಿಯದು. ಅವಳಿಗೆ ಕೊಡು. ಕದ್ದು ತೆಗೆದದ್ದಕ್ಕೆ ಕ್ಷಮೆ ಕೇಳಿದೆ ಎಂದು ಹೇಳು. ಮೂರು ವಾರ ಅವಳಿಗೂ ನಾನೇ ಅಮ್ಮ ಆಗಿದ್ದೆ ಎಂದೂ ಹೇಳು.

ನಿನ್ನ ಚಿತ್ರವನ್ನು ಆಳೆತ್ತರ ಮಾಡಿಸಿ ಅಂಗಡಿಯ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಹಾಕಿದ್ದೇನೆ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಮೊನ್ನೆ ದೊಡ್ಡಮ್ಮ ಬಂದರು. ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಹಳ ಹೊತ್ತು ನೋಡಿದರು.

"ಇವಳು ನಮ್ಮ ಹುಡುಗಿ ಥರ ಇದಾಳಲ್ಲೇ?"

"ನಮ್ಮ ಹುಡುಗೀನೇ ಅಕ್ಕ. ಸೇತುವೆ ಬೆಸೆಯೋಳು. ಆಫೀಸು ಗೀಫೀಸು ಎಲ್ಲ ನಾನು ಕಟ್ಟಿದ ಕಥೆ."

ಅವರು ಕುರ್ಚಿ ಎಳೆದುಕೊಂಡು ಕೂತರು. ಬೈಯುತ್ತಾರೆ ಎಂದುಕೊಂಡೆ. ಏಸಿ ಸುಳ್ಳು ಅಂತ ನನಗೆ ಆವತ್ತೇ ಅನ್ನಿಸಿತ್ತು ಎಂದರು. ಆಮೇಲೆ ನಿನ್ನ ಚಿತ್ರದ ಸಣ್ಣ ಪ್ರತಿಯೊಂದನ್ನು ಕೇಳಿ ಪರ್ಸಿನಲ್ಲಿ ಇಟ್ಟುಕೊಂಡು ಹೋದರು. ನಿನ್ನೆ ಜೆರಾಕ್ಸ್ ಅಂಗಡಿಯವನು ಹೇಳಿದ, ಬಸ್ ಸ್ಟಾಪಿನಲ್ಲಿ ಅವರು ಯಾರಿಗೋ ಅದನ್ನು ತೋರಿಸುತ್ತಿದ್ದರಂತೆ.

ಬೆಳಕು ಇಳಿಯುತ್ತಿದೆ, ಕಣ್ಣೂ ಸೋಲುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ. ಎರಡು ತೋಳುಗಳು ನಡುವೆ ಕೂಡುವ ದಿನ ತಿಳಿಸು. ಅಂಗಡಿಗೆ ಬೀಗ ಹಾಕಿ ಬರುತ್ತೇನೆ, ಈ ಸಲ ನೀನಿರುವ ದಡಕ್ಕೇ.

ಮೇಲೆ ಹತ್ತುವಾಗ ಕೊಂಡಿ ಎರಡು ಸಲ ಜಗ್ಗಿ ನೋಡಿಕೋ.

ಬೆಸುಗೆಗಾರ್ತಿಯ ತಾಯಿ ಎಂದು ಈಗ ಎಲ್ಲರೆದುರೂ ಹೇಳಿಕೊಳ್ಳುವ,
ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ನನ್ನನ್ನು ಕಂಪನಿಯವರು ಕರೆಸಿರಲಿಲ್ಲ. ನಾನೇ ಹೋಗಿ ಇಂಜಿನಿಯರನ್ನು ಕೇಳಿದೆ. ಎರಡು ಸಲ ಗೇಟಿನಿಂದಲೇ ವಾಪಸು ಕಳಿಸಿದರು. ಮೂರನೇ ಸಲ, ಏನಕ್ಕೆ ಬರ್ತೀರಮ್ಮ, ನಮ್ಮ ಹತ್ತಿರ ಫೋಟೋಗ್ರಾಫರ್ ಇದಾರೆ ಎಂದರು. ಫೋಟೋ ನೆಪ ಸಾರ್, ಎರಡು ವರ್ಷದಿಂದ ಮಗಳನ್ನ ಹತ್ತಿರದಿಂದ ನೋಡಿಲ್ಲ ಎಂದೆ. ಅವರು ಪಾಸಿಗೆ ಸಹಿ ಹಾಕಿದರು.