ನಾದಿನಿಯನ್ನು ದಾಟಿಹೋದ ಕೋಲು

ಗುಟು,
14 ಸೆಪ್ಟೆಂಬರ್ 2003

ಮುದ್ದಿನ ತಂಗಿ ಶೂವಾಯಿ,

ಬುಲವಾಯೊದಲ್ಲಿ ನೀನು, ನಿನ್ನ ಹೊಲಿಗೆಯಂತ್ರ ಇಬ್ಬರೂ ಸದ್ದು ಮಾಡಿಕೊಂಡು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಮೂರು ತಿಂಗಳು ಬರೆಯಲಿಲ್ಲ. ಬೈದುಕೋ, ಆದರೆ ಕೊನೆಯವರೆಗೆ ಓದಿ ಬೈದುಕೋ.

ನಿನ್ನ ಭಾವ ಸಿಂಬರಶೆ ತೀರಿ ವರ್ಷವಾಯಿತು. ನಿನ್ನೆ ಕುಲದವರು ಸೇರಿ ಅವರ ಊರುಗೋಲನ್ನು ನನ್ನ ಕೈಗಿತ್ತರು. ನಿನಗೆ ಗಂಡನ ಕಾಟವಿಲ್ಲ, ಹಾಗಾಗಿ ಪಾಠ ಹೇಳುತ್ತೇನೆ: ವಿಧವೆ ಯಾವ ಮೈದುನನಿಗೆ ಕೋಲು ಕೊಡುತ್ತಾಳೋ ಅವನೇ ಅವಳ ಗಂಡ. ನಾದಿನಿಗೋ ಮಗನಿಗೋ ಕೊಟ್ಟರೆ ಯಾರೂ ಬೇಡವೆಂದರ್ಥ. ಮಕ್ಕಳೊಡನೆ ತನ್ನ ಪಾಡಿಗೆ ತಾನಿರಬಹುದು.

ಹಿರಿಯ ಮೈದುನ ಗರಿಕಾಯಿ ಗೊತ್ತಲ್ಲ, ಸಭೆಯಲ್ಲಿ ಬೋಧಕ, ಮನೆಯಲ್ಲಿ ಬಾಧಕ. ಹೋದ ಭಾನುವಾರವೇ ರೂತಳ ಕಥೆ ಓದಿ, ನನ್ನನ್ನೇ ನೋಡುತ್ತ, "ವಿಧವೆ ಸತ್ತ ಗಂಡನ ನಂಟ ಬೋವಜನ ಕಾಲ ಬಳಿ ಮಲಗಿದಳು, ಅವನ ಕೈ ಹಿಡಿದಳು, ದೇವರು ಮೆಚ್ಚಿದ" ಎಂದು ಬೋಧಿಸಿದ. ಚರ್ಚಿನ ಬಾಗಿಲಲ್ಲಿ ಕೈಕುಲುಕುವಾಗ ನಾನೆಂದೆ: "ಅವಳು ತಾನಾಗೇ ನಡ್ಕೊಂಡು ಹೋದ್ಳು ಗರಿಕಾಯಿ. ಯಾರೂ ತಳ್ಳಿರ್ಲಿಲ್ಲ."

"ಅತ್ತಿಗೆ, ನೀವು ಕಾಲೇಜಲ್ಲಿ ಬೈಬಲ್ ಓದ್ಕೊಂಡು ಬಂದೋರು. ನಾವು ಬರೀ ಕಾಯೋದು ಕಲ್ತಿದೀವಿ," ಎಂದು ನಕ್ಕ. ಕೈ ಬಿಡಲು ಅವನಿಗೆ ತುಸು ಹೊತ್ತು ಹಿಡಿಯಿತು.

ನಿನ್ನೆ ಚಾಪೆಯ ಮೇಲೆ ಮೈದುನರ ಸಾಲು. ತುದಿಯಲ್ಲಿ ನಾದಿನಿ ಎರಿನಾ ಎರಡೂ ಕೈ ಚಾಚಿ ಕೂತಿದ್ದಳು. "ಬಾರೇ, ಇಲ್ಲಿ ಕೊಟ್ಟು ಊಟಕ್ಕೆ ಏಳು. ಮುದ್ದೆ ಆರ್ತಿದೆ," ಎಂದು ಪಿಸುಗುಟ್ಟಿದಳು ಕೂಡ.

ನಾನು ಅವಳನ್ನು ದಾಟಿಹೋದೆ. ಬೈಬಲಿನಲ್ಲಿ ಗಂಡುಮಕ್ಕಳಿಲ್ಲದ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ಅಪ್ಪನ ಪಾಲು ಕೇಳಿ ಪಡೆದದ್ದನ್ನು ಮಹಿಳಾ ಸಂಘದಲ್ಲಿ ಚಳಿಗಾಲವಿಡೀ ಕಲಿಸಿದ್ದೆನಲ್ಲ. ಆ ಹೆಂಗಸರೆಲ್ಲ ನೋಡುತ್ತಿದ್ದರು. ಬಾಗಿಲ ಬಳಿಯಿದ್ದ ನಮ್ಮ ರುವಾರಶೆಯ ಕೈಗೆ ಅವಳಪ್ಪನ ಕೋಲನ್ನು ಇಟ್ಟೆ.

"ಮಗನಿಗೆ ಕೊಡೋ ಹಾಗಿದ್ರೆ ಮಗಳಿಗೂ ಕೊಡ್ಬಹುದು," ಎಂದೆ.

ಹೆಂಗಸರು ನಾಲಿಗೆಯಾಡಿಸಿ ಕೇಕೆ ಹಾಕಿದರು. ಗಂಡಸರು ಗದ್ದಲವೆಬ್ಬಿಸಲಿ ಎಂದು ಕಾದೆ. ಎಬ್ಬಿಸಲಿಲ್ಲ. ಗರಿಕಾಯಿಯೇ ಮೊದಲು ಚಪ್ಪಾಳೆ ತಟ್ಟಿದ.

"ಒಪ್ಪಿದ್ವಿ ಅತ್ತಿಗೆ. ಇನ್ಮೇಲೆ ಮಗಳೇ ಯಜಮಾನಿ."

ವಾದ ಗೆದ್ದೆ ಕಣೇ. ಊಟ ಸೇರಲಿಲ್ಲ.

ಸೂಜಿ ನಿನ್ನ ಬೆರಳನ್ನು ಚುಚ್ಚದಿರಲಿ. ದೇವರು ನಿನ್ನ ಬಾಗಿಲನ್ನು ಒಳಗಿನಿಂದಲೇ ಕಾಯಲಿ.

ನಿನ್ನ ಅಕ್ಕ,
ಸೆಕಾಯಿ

ತಾ.ಕ.: ಇಷ್ಟು ಹೊತ್ತು ಸುತ್ತಿ ಬಳಸಿದ್ದು ಇದನ್ನು ಬರೆಯಲಾರದೆ. ಯಜಮಾನಿಗಿನ್ನೂ ಹದಿನಾಲ್ಕು, ಪ್ರಾಯ ತುಂಬುವವರೆಗೆ ಚಿಕ್ಕಪ್ಪನ ಮನೆಯಲ್ಲಿ ಬೆಳೆಯಲಿ ಎಂದು ಹಿರಿಯರು ತೀರ್ಮಾನಿಸಿದರು. ಇವತ್ತು ಆರಾಧನೆ ಮುಗಿದದ್ದೇ ಗರಿಕಾಯಿ ಅವಳನ್ನು ಕರೆದೊಯ್ದ. ಅವನ ಹೆಂಡತಿಯೂ ಆ ಮನೆಗೆ ಮೊದಲು ಬಂದದ್ದು ಅದೇ ವಯಸ್ಸಿನಲ್ಲಿ, ಪಾಲನೆಗೆಂದು. ಎರಿನಾಳ ಬಳಿ ಓಡಿದೆ. "ನನ್ ಕೈಗೆ ಕೊಟ್ಟಿದ್ರೆ ನಾನು ಬಾಯಿ ಬಿಡ್ಬಹುದಿತ್ತು. ಈಗ ಯಾವ ಬಾಯಲ್ಲಿ ಕೇಳ್ಲೇ?" ಎಂದಳು. ರುವಾರಶೆ ಅಳಲಿಲ್ಲ. ನಾನು ಕಲಿಸಿದ ಹಾಗೆಯೇ ತಲೆಯೆತ್ತಿ, ಕೋಲೂರಿಕೊಂಡು, ಅವನಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು.