ಹೊರಗೆ ಉಳಿದ ಪೈಲಟ್

ನವೆಂಬರ್ ೧೪, ಮಂಗಳವಾರ

ಹೆಲಿಕಾಪ್ಟರಿನ ಗಾಜು ಅಂಟಿಸಿ, ಹಸಿರು ಬಣ್ಣವನ್ನೂ ಬಳಿದು ಮುಗಿಸಿದ ಮೇಲೆ ನೋಡುತ್ತೇನೆ, ಬಲಗಡೆಯ ಪೈಲಟ್ ಇನ್ನೂ ಬೆಂಕಿಪೊಟ್ಟಣದ ಮೇಲೆ ಒಣಗುತ್ತಾ ಕೂತಿದ್ದಾನೆ. ನನ್ನ ತಲೆಯಲ್ಲಿರುವುದು ಮಣ್ಣು. ಈಗ ಗಾಜು ಕೀಳಲು ಹೋದರೆ ಒಡೆಯುತ್ತದೆ.

ಅಣ್ಣ ಹಾರಿಸುತ್ತಿದ್ದ, ಕೊನೆಗೆ ಅವನೊಂದಿಗೇ ಬಿದ್ದ ಸೇನಾ ಹೆಲಿಕಾಪ್ಟರಿನ ಪುಟ್ಟ ಮಾದರಿ ಇದು. ಅತ್ತಿಗೆ ಕೇಳಿದರೆಂದು ಕೈ ಹಾಕಿದ್ದು. ಅವನು ಕೂರುತ್ತಿದ್ದದ್ದೂ ಬಲಗಡೆಯೇ.

ಗೊಂಬೆಯ ಮೊಣಕಾಲು ಮಡಚಿದೆ, ನಿಲ್ಲಿಸಲು ಬರುವುದಿಲ್ಲ. ಮರಳು ಅಂಟಿಸಿದ ನೆಲದ ಮೇಲೆ ರಟ್ಟಿನ ಪೆಟ್ಟಿಗೆಯೊಂದನ್ನು ಮಾಡಿಟ್ಟು ಕೂರಿಸಿದೆ. ಬಸ್ಸಿಗೆ ಕಾಯುವವನ ಹಾಗೆ ಕಾಣುತ್ತಾನೆ. ಕೈ ಮಾತ್ರ, ಅಲ್ಲಿಲ್ಲದ ಹಿಡಿಕೆಯನ್ನು ಹಿಡಿದೇ ಇದೆ.

ಸಂಜೆ ಅತ್ತಿಗೆ ಬಂದರು. ನಾನು ಅಷ್ಟು ಒದ್ದಾಡಿ ಬಳಿದ ಬಣ್ಣವನ್ನು ನೋಡಲೇ ಇಲ್ಲ.

"ಇವರು ಯಾಕೆ ಹೊರಗಿದಾರೆ?"

"ಮರೆತುಬಿಟ್ಟೆ ಅತ್ತಿಗೆ. ಹೊಸ ಗಾಜು ತರಿಸಿ ಒಳಗೆ ಕೂರಿಸ್ತೀನಿ."

"ಬೇಡ ಕಣಪ್ಪಾ. ಇಲ್ಲೇ ಕೂತಿರ್ಲಿ."

ಕಾಫಿ ಕುಡಿದು ಹೋದರು. ನಾಳೆ ಬಂದು ಒಯ್ಯುತ್ತಾರಂತೆ.

ಊದಿದರೆ ತಿರುಗಲಿ ಎಂದು ಮೇಲಿನ ರೆಕ್ಕೆಯನ್ನು ಸಡಿಲವಾಗಿ ಬಿಟ್ಟಿದ್ದೆ. ಈಗ ಅದರ ಬುಡಕ್ಕೂ ಒಂದು ತೊಟ್ಟು ಅಂಟು ಹಾಕಿ ಬಂದೆ.