ಮೂರನೇ ಸಾಲಿನಲ್ಲಿ ಅಪ್ಪ

ಸ್ಲೈಗೊ, ಅಕ್ಟೋಬರ್ ೧೧, ಶುಕ್ರವಾರ

ಅಪ್ಪ ಒಮ್ಮೆಯೂ ನಗಲಿಲ್ಲ. ನಾನು ನಿರ್ದೇಶಿಸಿದ ಮೊದಲ ಸಿನಿಮಾ ನಮ್ಮೂರಿನ ತೆರೆಗೆ ಬಂದ ದಿನ ನಾನು ತೆರೆಯನ್ನೇ ನೋಡಲಿಲ್ಲ. ಮೂರನೇ ಸಾಲಿನಲ್ಲಿದ್ದ ಅವರ ಕತ್ತನ್ನು ನೋಡುತ್ತ ಕೂತಿದ್ದೆ.

ನನ್ನ ಹದಿನಾರನೇ ವಯಸ್ಸನ್ನು ನಗೆ ಸಿನಿಮಾ ಮಾಡಿದವಳು ನಾನೇ. ಆಗ ಸಾಯುವಷ್ಟು ನಾಚಿಕೆ ತಂದದ್ದಕ್ಕೆ ಈಗ ಎಲ್ಲರ ಜೊತೆ ಕೂತು ನಕ್ಕರೆ ಹಗುರವಾಗುತ್ತದೆ. ಇಂಥ ಸಿನಿಮಾಗಳು ನನಗೆ ಇಷ್ಟವಾಗುವುದೇ ಅದಕ್ಕೆ. ಆದರೆ ಜನ ನಗುವುದು ಯಾರನ್ನು ನೋಡಿ ಎಂದು ಹೊಳೆದದ್ದು ಇವತ್ತು. ತೆರೆಯ ಮೇಲೆ ಶಾಲೆಯ ಡ್ಯಾನ್ಸಿಗೆ ತಂದೆ ಸಗಣಿ ಮೆತ್ತಿದ ಬೂಟಿನಲ್ಲೇ ನುಗ್ಗಿ ಮಗಳನ್ನು ಎಳೆದೊಯ್ಯುವಾಗ ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು.

"ಲೋ ಫಿನ್‌ಟನ್, ನಿನ್ ಮಗ್ಳು ನಿನ್ನನ್ನೇ ಸಿನಿಮಾ ತೆಗ್ದಿದ್ದಾಳಲ್ಲೋ," ಎಂದು ಹಿಂದಿನಿಂದ ಯಾರೋ ಕೂಗಿದರು. ಅಪ್ಪ ತಿರುಗಲಿಲ್ಲ.

ಹೊರಗೆ ಬಂದ ಮೇಲೆ ತಡೆಯಲಾರದೆ ಕೇಳಿದೆ. "ಬೇಜಾರಾಯ್ತಾ ಅಪ್ಪ?"

"ಆ ಹುಡುಗಿ ಮನೆ ಬರೋವರ್ಗೂ ಕಾರಲ್ಲಿ ಅಳ್ತಾಳಲ್ಲ," ಎಂದರು. "ನೀನೂ ಹಂಗೇ ಅತ್ತಿದ್ಯಾ?"

"ಹೂಂ."

"ನಂಗೆ ಗೊತ್ತೇ ಆಗ್ಲಿಲ್ಲ ಡರ್ವ್ಲ. ನಾನು ರಸ್ತೆ ನೋಡ್ತಿದ್ದೆ."

ಅವರು ಬೈದರೆ ಏನು ಹೇಳಬೇಕೆಂದು ವಾರದಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ಅದರಲ್ಲಿ ಒಂದೂ ಇದಕ್ಕೆ ಹೊಂದಲಿಲ್ಲ.

ನಾಳೆಯ ಆಟಕ್ಕೂ ಬರುತ್ತಾರಂತೆ, ಪಕ್ಕದಲ್ಲೇ ಕೂರು ಎಂದಿದ್ದಾರೆ. ಕಾರಿನ ದೃಶ್ಯ ಬಂದಾಗ ನಾನು ಅವರ ಕಡೆ ನೋಡಲೋ, ಇಲ್ಲ ಅವತ್ತು ಅವರು ರಸ್ತೆ ನೋಡಿದ ಹಾಗೆ ತೆರೆಯನ್ನೇ ನೋಡುತ್ತ ಕೂರಲೋ, ಇನ್ನೂ ತೀರ್ಮಾನಿಸಿಲ್ಲ.